ಒಂಬತ್ತನೆಯ ಆಟ

ಎಷ್ಟು ಎಳೆದರೂ ಅಂಗಿಯ ಕತ್ತಿನ ಗುಂಡಿ ಕೂಡಲಿಲ್ಲ. ಲುದ್ಮಿಲಾ ಬೆರಳು ನೋಯುವವರೆಗೆ ಎಳೆದು ನೋಡಿದಳು. ಕೊನೆಗೆ ಬೇಸತ್ತು ಕತ್ತರಿ ತೆಗೆದುಕೊಂಡಳು. ಸತ್ತ ಅಪ್ಪನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹೊಸ ಅಂಗಿಯ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಳು. ಮುಂದಿನಿಂದ ನೋಡುವವರಿಗೆ ಇದು ಕಾಣುವುದಿಲ್ಲ. ದರ್ಜಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹೊಲಿದವಳಿಗೆ ಯಾವುದನ್ನು ಹೇಗೆ ಮುಚ್ಚಬೇಕೆಂಬುದು ಗೊತ್ತಿತ್ತು.

"ಇದಕ್ಕಿಂತ ದೊಡ್ಡ ಅಂಗಿ ತರಬಹುದಿತ್ತಲ್ಲಮ್ಮ," ಎಂದ ಶವಪೆಟ್ಟಿಗೆ ಅಂಗಡಿಯ ಲ್ಯಾಂಡಿಸ್. ಹೆಣವನ್ನು ಸಿಂಗರಿಸಿ ಪೆಟ್ಟಿಗೆಗಿಡುವುದು ಅವನ ಕಸುಬು.

"ಇದಕ್ಕಿಂತ ದೊಡ್ಡದು ಈ ಊರಲ್ಲೇ ಇಲ್ಲ. ಅಪ್ಪನ ಕತ್ತು ಹತ್ತೊಂಬತ್ತು ಇಂಚು, ಕತ್ತಿನ ಹಿಂದಿನಿಂದ ತೋಳು ಮೂವತ್ತೇಳು ಇಂಚು. ಕಲ್ಲುಗಣಿಯವರ ಅಳತೆಗೆ ಯಾರು ಹೊಲಿದು ಇಟ್ಟಿರ್ತಾರೆ?"

ತೋಳಿನ ಪಟ್ಟಿ ಮಣಿಕಟ್ಟಿಗಿಂತ ಮೂರು ಇಂಚು ಮೇಲೆಯೇ ನಿಂತುಬಿಟ್ಟಿತ್ತು. ಲ್ಯಾಂಡಿಸ್ ಕೋಟು ತೊಡಿಸಲು ಬಗ್ಗಿದಾಗ ಎಡಭುಜದ ಹತ್ತಿರ ಅವನ ಕೈಗೆ ಏನೋ ಗಂಟು ಸಿಕ್ಕಿತು.

"ಇದೇನಿದು?"

"ಮೂಳೆ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡಿದೆ. ಹತ್ತೊಂಬೈನೂರ ಐದು, ನವೆಂಬರು."

ಲ್ಯಾಂಡಿಸ್ ಮುಂದೆ ಕೇಳಲಿಲ್ಲ. ನಮ್ಮ ಟಾರ್ಬೆಟ್ ಊರಿನಲ್ಲಿ ಆ ವರ್ಷದ ಬಗ್ಗೆ ಹೊಗಳುವುದುಂಟು, ಕೇಳುವುದಿಲ್ಲ. ಅವನು ಗಡಿಯಾರ ನೋಡಿಕೊಂಡು, "ಹನ್ನೊಂದಕ್ಕೆ ಪ್ರಾರ್ಥನೆ, ಹನ್ನೆರಡೂವರೆಗೆ ಮಣ್ಣು. ಎರಡಕ್ಕೆ ಆಟ ಇದೆಯಲ್ಲಮ್ಮ, ಜನಕ್ಕೂ ಅನುಕೂಲ," ಎಂದ.

ಮಾತೂಶ್ ಕ್ರಾಲಿಕ್ ನಲವತ್ತೆರಡು ವರ್ಷ ಟಾರ್ಬೆಟ್ ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲು ಕತ್ತರಿಸಿದ, ಸುಣ್ಣದ ಗೆರೆ ಎಳೆದ. ಮಂಗಳವಾರ ಸುಣ್ಣದ ಗಾಡಿ ತಳ್ಳುತ್ತಿದ್ದವನು ಅಲ್ಲೇ ಬಿದ್ದು ಸತ್ತ. ಅವನಿಗೆ ಅರವತ್ತೈದಾಗಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ವರ್ಷಕ್ಕೊಮ್ಮೆ ಬಂದು ಸೇರುವ ಶನಿವಾರ ಹತ್ತಿರದಲ್ಲೇ ಇತ್ತು. ಅರ್ಧಕ್ಕೆ ನಿಂತ ಗೆರೆಯನ್ನು ಮರುದಿನ ಬೇರೆ ಯಾರೋ ಪೂರ್ತಿ ಮಾಡಿದರು.

ನಮ್ಮ ಕಾಲೇಜಿಗೆ ಹೇಳಿಕೊಳ್ಳಲು ಇರುವುದು ಒಂದೇ. ಹತ್ತೊಂಬೈನೂರ ಐದರ ತಂಡ ಆಡಿದ ಒಂಬತ್ತು ಆಟಗಳಲ್ಲಿ ಒಂಬತ್ತನ್ನೂ ಗೆದ್ದಿತು. ಕಾಲೇಜಿನ ಪ್ರಾರ್ಥನಾ ಮಂದಿರದ ಹೊಸ್ತಿಲು ದಾಟಿದೊಡನೆ ಎದುರಿಗೆ ಆ ತಂಡದ ಹಿತ್ತಾಳೆ ಹಲಗೆ ಇದೆ. ಮೊದಲ ಸಾಲಿನಲ್ಲಿ ಹೊರೇಸ್ ವಿಲ್ಟನ್, ಎಂಟು ಆಟ. ಎಲ್ಲರ ಹೆಸರು ಮುಗಿದ ಮೇಲೆ, ಕೆಳಗೆ ಸಣ್ಣ ಅಕ್ಷರದಲ್ಲಿ, ಎಂ. ಕ್ರಾಲಿಕ್, ಬದಲಿ ಆಟಗಾರ, ಒಂದು ಆಟ.

ಆ ತಂಡದವರಲ್ಲಿ ಒಂದು ಪದ್ಧತಿ ಉಂಟು. ಒಬ್ಬ ಸತ್ತರೆ ಉಳಿದವರು ಆ ವರ್ಷ ಕಾಲೇಜು ಕೊಟ್ಟ ಕಡುಗೆಂಪು ಉಣ್ಣೆಯ ಸ್ವೆಟರ್ ತೊಟ್ಟು ಬರಬೇಕು, ಮನೆಯವರಿಗಿಂತ ಮೊದಲು ಗುಂಡಿಗೆ ಮಣ್ಣು ಹಾಕಬೇಕು. ಈಗ ಉಳಿದವರು ನಾಲ್ವರು, ಓಡಾಡುವ ಸ್ಥಿತಿಯಲ್ಲಿ ಇರುವವರು ಇಬ್ಬರು. ಒಬ್ಬ ಜಡ್ಜ್ ಹೊರೇಸ್ ವಿಲ್ಟನ್, ಇನ್ನೊಬ್ಬ ದನದ ಮೇವಿನ ಅಂಗಡಿಯ ಆರ್ವಿಲ್ ಟಾಸ್ಕರ್. ಹುಲ್ಲು ಕತ್ತರಿಸುವವನಿಗೂ ಈ ಮರ್ಯಾದೆ ಸಲ್ಲುತ್ತದೆಯೇ ಎಂದು ಯಾರೋ ಕೇಳಿದಾಗ ಜಡ್ಜ್, "ಒಂದು ಆಟವೂ ಆಟವೇ. ನಾನು ಸ್ವೆಟರ್ ಹಾಕ್ಕೊಂಡೇ ಬರ್ತೀನಿ," ಎಂದನಂತೆ. ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ಮಾತಾಡಿಕೊಂಡಿತು. ನಮ್ಮೂರಿನವರಿಗೆ ಹೊಗಳುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ.

*

ಹತ್ತೊಂಬೈನೂರ ಐದರ ಸೆಪ್ಟೆಂಬರಿನಲ್ಲಿ ತಂಡದ ಕೋಚ್ ಊರಾಚೆಯ ಕಲ್ಲುಗಣಿಗೆ ಬಂದ. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಅವುಚಿಕೊಂಡು ಓಡುವುದು, ಓಡುವವನನ್ನು ಕೆಡವುವುದೇ ಹೆಚ್ಚು, ಅದಕ್ಕೆ ಗಟ್ಟಿ ಮೈ ಬೇಕು. ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಒಬ್ಬೊಬ್ಬರ ಬೆನ್ನನ್ನೂ ನೋಡುತ್ತಾ ನಡೆದು ಮಾತೂಶನ ಹಿಂದೆ ನಿಂತ. ಮಾತೂಶನಿಗೆ ಆಗ ಇಪ್ಪತ್ತೆರಡು. ಸ್ಲೊವಾಕರ ಹಳ್ಳಿಯೊಂದರಿಂದ ಹಡಗು ಹತ್ತಿ ಬಂದು ಒಂದೂವರೆ ವರ್ಷವಾಗಿತ್ತು. ಇಂಗ್ಲಿಷಿನ ಇಪ್ಪತ್ತು ಮಾತು ಬರುತ್ತಿತ್ತು, ಅದರಲ್ಲಿ ಹತ್ತು ಬೈಗುಳ.

"ಚೆಂಡು ಹಿಡ್ಕೊಂಡು ಓಡ್ತೀಯೇನೋ?"

"ಓಡ್ತೀನಿ."

"ಎದುರಿಗೆ ಬಂದವನನ್ನ ಕೆಡವ್ತೀಯಾ?"

"ಯಾಕೆ?"

ಕೋಚ್ ನಕ್ಕ. "ಯಾಕೆ ಅಂತ ಕೇಳಬಾರದು ಕಣೋ. ಆಟ ಅಂದ್ರೇನೇ ಅದು."

ಕಾಲೇಜಿನ ವಿದ್ಯಾರ್ಥಿಗಳೇ ಆಡಬೇಕೆಂದು ನಿಯಮವಿತ್ತು. ಆದ್ದರಿಂದ ಮಾತೂಶನ ಮೈಗೆ ಒಂದು ಹೆಸರು ಬೇಕಾಯಿತು. ಹೊರೇಸ್ ವಿಲ್ಟನ್ ಎಂಬ ಕುಳ್ಳ ಹುಡುಗನ ಹೆಸರು ತಂಡದ ಪಟ್ಟಿಯಲ್ಲಿತ್ತು. ಪ್ರಾರ್ಥನಾ ಮಂದಿರ ಕಟ್ಟಿಸಿಕೊಟ್ಟ ದೊಡ್ಡ ಮನುಷ್ಯನ ಮಗ ಅವನು, ಮೂವತ್ತು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತಿದ್ದ. ಹೆಸರು ಅವನದು, ಬೆನ್ನು ಇವನದು ಎಂದು ತೀರ್ಮಾನವಾಯಿತು. ಆಗ ಆಟಗಾರರ ಬೆನ್ನಿಗೆ ಅಂಕಿ ಇರಲಿಲ್ಲ, ಅರ್ಧ ಗಂಟೆಯೊಳಗೆ ಎಲ್ಲರ ಮುಖವೂ ಕೆಸರಾಗಿರುತ್ತಿತ್ತು. ಒಂದೇ ತೊಂದರೆ ಎಂದರೆ "ವಿಲ್ಟನ್" ಎಂದು ಕೂಗಿದರೆ ಮಾತೂಶ್ ತಿರುಗುತ್ತಿರಲಿಲ್ಲ. ತಿರುಗುವುದನ್ನು ಕಲಿಯುವವರೆಗೆ ಟಾಸ್ಕರ್ ಅವನ ಮೀನಖಂಡಕ್ಕೆ ಸಣ್ಣ ಕಲ್ಲು ಎಸೆಯುತ್ತಿದ್ದ.

ಆಟ ನಡೆಯುವಾಗ ನಿಜವಾದ ಹೊರೇಸ್ ತನ್ನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತಿರುತ್ತಿದ್ದ. ಸಂಜೆ ಗೆಲುವಿನ ಊಟಕ್ಕೆ ಹೊರಡುವ ಮೊದಲು, ಮಾತೂಶ್ ಮೈ ತೊಳೆಯುತ್ತಿದ್ದ ಶೆಡ್ಡಿಗೆ ಬರುತ್ತಿದ್ದ.

"ಇವತ್ತು ಎಲ್ಲಿಗೆ ಬಿತ್ತು?"

ಮಾತೂಶ್ ಹುಬ್ಬು ತೋರಿಸಿದರೆ ತನ್ನ ಹುಬ್ಬಿಗೆ ಪಟ್ಟಿ ಅಂಟಿಸಿಕೊಳ್ಳುತ್ತಿದ್ದ, ಗಲ್ಲ ತೋರಿಸಿದರೆ ಗಲ್ಲಕ್ಕೆ. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಊಟಕ್ಕೆ ಹೋಗುತ್ತಿದ್ದ. ಒಂದು ಸಲ ಮಾತೂಶ್ ಕೀಟಲೆಗೆ ಕುಂಡೆ ತೋರಿಸಿದ. ಆ ಸಂಜೆಯೆಲ್ಲ ಹೊರೇಸ್ ಕುಂಟುತ್ತಾ ಓಡಾಡಿ ಹೆಣ್ಣುಮಕ್ಕಳಿಂದ ಅಯ್ಯೋ ಅನ್ನಿಸಿಕೊಂಡ.

ಇದು ಊರಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಣಿಯವರಿಗೆ ಗೊತ್ತಿತ್ತು, ದಿನಸಿಯವನಿಗೆ ಗೊತ್ತಿತ್ತು, ಪಾದ್ರಿಗೂ ಗೊತ್ತಿತ್ತು. ಗೆಲ್ಲುತ್ತಿದ್ದೆವು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆವು.

ಎಂಟನೆಯ ಆಟ ಮುಗಿದ ವಾರ ಸ್ವೆಟರುಗಳು ಬಂದವು. ಅಳತೆ ತೆಗೆಯಲು ಬಂದಿದ್ದ ಪರಸ್ಥಳದ ದರ್ಜಿಗೆ ಈ ನಾಟಕ ಯಾರೂ ಹೇಳಿರಲಿಲ್ಲ. ಅವನು ಮೈದಾನದಲ್ಲಿ ಯಾರು ಆಡುತ್ತಿದ್ದರೋ ಅವರ ಅಳತೆ ತೆಗೆದುಕೊಂಡು ಹೋಗಿದ್ದ. ಕಾಲರಿನೊಳಗೆ ವಿಲ್ಟನ್ ಎಂದು ಹೆಸರು ಹೊಲಿದ ಸ್ವೆಟರನ್ನು ಮಾತೂಶ್ ತಲೆಯ ಮೇಲಿಂದ ಇಳಿಸಿಕೊಂಡ. ಹುಟ್ಟಿದ ಮೇಲೆ ಮೊದಲ ಸಲ ಒಂದು ಬಟ್ಟೆ ಅವನ ಮೈಗೆ ಸರಿಯಾಗಿ ಕೂತಿತು. "ಸಾಕು, ಬಿಚ್ಚು," ಎಂದ ಕೋಚ್. ಹೊರೇಸ್ ಅದನ್ನು ತೊಟ್ಟು ತೋಳನ್ನು ಮೂರು ಸಲ ಮಡಿಸಿಕೊಂಡ. ಸಡಿಲ ಉಡುಪೇ ತನಗೆ ಹಿತ ಎಂದು ಆಗ ಹೇಳಿಕೊಂಡ. ಮುದುಕನಾದ ಮೇಲೆ, ವಯಸ್ಸಾಗಿ ಮೈ ಕುಗ್ಗಿದೆ ಎಂದ. ಎರಡಕ್ಕೂ ನಾವು ತಲೆ ಆಡಿಸಿದೆವು.

*

ಶನಿವಾರ ಪ್ರಾರ್ಥನೆಗೆ ಇನ್ನೂ ಕಾಲು ಗಂಟೆ ಇತ್ತು. ಜಡ್ಜ್ ವಿಲ್ಟನ್ ಹಿತ್ತಾಳೆ ಹಲಗೆಯ ಕೆಳಗೆ ನಿಂತು ಬಂದವರ ಕೈ ಕುಲುಕುತ್ತಿದ್ದ. ಓವರ್‌ಕೋಟಿನ ಗುಂಡಿ ಬಿಚ್ಚಿತ್ತು, ಒಳಗೆ ಸ್ವೆಟರ್ ತೊಡೆಯವರೆಗೆ ಇಳಿಬಿದ್ದಿತ್ತು. ಪಕ್ಕದಲ್ಲಿ ಟಾಸ್ಕರ್ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ. ಲುದ್ಮಿಲಾ ಅವರಿಬ್ಬರ ಮುಂದೆ ಬಂದಳು.

"ಧೈರ್ಯ ತಗೋ ಮಗು," ಎಂದ ಜಡ್ಜ್. "ನಿಮ್ಮಪ್ಪ ಒಳ್ಳೇ ಕೆಲಸಗಾರ."

"ಸಾಹೇಬ್ರೆ, ಒಳಗೆ ನೀವೇ ನಾಲ್ಕು ಮಾತು ಆಡ್ತೀರಂತೆ."

"ಹೌದಮ್ಮ, ನಾನೇ."

"ಹಾಗಿದ್ರೆ ಅಪ್ಪ ಒಂಬತ್ತು ಆಟ ಆಡಿದ ಅಂತ ಹೇಳಿ. ನನಗೆ ಅಷ್ಟು ಸಾಕು, ಬೇರೇನೂ ಬೇಡ."

ಜಡ್ಜ್ ಟಾಸ್ಕರನ ಕಡೆ ನೋಡಿದ. ಟಾಸ್ಕರ್ ತನ್ನ ಹ್ಯಾಟಿನ ಕಡೆ ನೋಡಿದ.

"ನೋಡಮ್ಮ, ಅದೆಲ್ಲ ಹಳೇದು. ನಿಮ್ಮಪ್ಪ ನಮಗೆ ಮಾತು ಕೊಟ್ಟಿದ್ದ. ನಾವೂ ನಲವತ್ತೆರಡು ವರ್ಷ ಅವನ ಕೈ ಬಿಡಲಿಲ್ಲ. ಅವನೇ ಒಂದು ದಿನವೂ ಬಾಯಿ ಬಿಟ್ಟವನಲ್ಲ, ಈಗ ನಿನಗ್ಯಾಕೆ ಇದು?"

"ಶಾಲೇಲಿ ನನ್ನನ್ನ ಕೊಲೆಗಾರನ ಮಗಳು ಅಂತ ಕರೀತಿದ್ರು. ಅದಕ್ಕೆ."

"ಬಿಡಮ್ಮ, ಮಕ್ಕಳು ಏನೇನೋ ಅಂತಾವೆ."

"ಈ ಹಲಗೆ ಓದಿಕೊಂಡೇ ಅಂತಿದ್ರು. ಎಂಟು ಗೆಲುವು ನಿಮ್ಮ ಪಾಲು, ಒಂದು ಹೆಣ ಅವನ ಪಾಲು. ಇಟ್ಕೊಳ್ಳೋದಾದ್ರೆ ಒಂಬತ್ತೂ ನೀವೇ ಇಟ್ಕೊಳ್ಳಿ. ಕೊಡೋದಾದ್ರೆ ಒಂಬತ್ತೂ ಅವನಿಗೆ ಕೊಡಿ."

ಜಡ್ಜ್ ಬಲಭುಜ ಉಜ್ಜಿಕೊಂಡ. ಉತ್ತರ ಹೊಳೆಯದಾಗ ಅವನು ಹಾಗೆ ಮಾಡುವುದು ಊರಿಗೆಲ್ಲ ಪರಿಚಿತ. "ಚಳಿಗೆ ಈ ಮೂಳೆ ಇನ್ನೂ ನೋಯತ್ತೆ ಕಣಮ್ಮ. ಎಂಟನೇ ಆಟದಲ್ಲಿ ಮುರಿದದ್ದು..."

"ಎಡಗಡೆ," ಎಂದಳು ಲುದ್ಮಿಲಾ. "ಮುರಿದದ್ದು ಎಡಗಡೆ ಮೂಳೆ. ಬೆಳಿಗ್ಗೆ ಮುಟ್ಟಿ ನೋಡಿ ಬಂದಿದೀನಿ."

ಅಷ್ಟರಲ್ಲಿ ಆರ್ಗನ್ ಶುರುವಾಯಿತು. ಜಡ್ಜ್ ಬದುಕಿದೆ ಎನ್ನುವವನಂತೆ ಒಳಗೆ ನಡೆದ.

*

ಒಂಬತ್ತನೆಯ ಆಟ ಬೆಲ್‌ವುಡ್ ಕಾಲೇಜಿನ ಮೇಲೆ. ಅವರಲ್ಲಿ ಲೆಸ್ಟರ್ ಡೋನ್ ಎಂಬ ತೆಳ್ಳಗಿನ ಹುಡುಗನಿದ್ದ. ಮೊದಲರ್ಧದಲ್ಲಿ ಅವನು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಮೂರು ಸಲ ನಮ್ಮವರ ಕೈಯಿಂದ ನುಣುಚಿಕೊಂಡ. ವಿರಾಮದಲ್ಲಿ ಕೋಚ್ ಮಾತೂಶನ ಕಾಲರು ಹಿಡಿದು, "ಆ ಹುಡುಗ ಮತ್ತೆ ಎದ್ದು ಓಡಬಾರದು. ಗೊತ್ತಾಯ್ತಾ?" ಎಂದ. ಅಷ್ಟು ಇಂಗ್ಲಿಷ್ ಮಾತೂಶನಿಗೆ ಅರ್ಥವಾಗುತ್ತಿತ್ತು.

ಎರಡನೆಯರ್ಧದ ಶುರುವಿನಲ್ಲೇ ಮಾತೂಶನ ಎಡಭುಜದ ಮೂಳೆ ಮುರಿಯಿತು. ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ ಎಂಬ ನಿಯಮವಿದ್ದ ಕಾಲ. ಕೋಚ್ ಹೊರಗೆ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಲೆಸ್ಟರ್ ಚೆಂಡಿನೊಡನೆ ಬಿದ್ದ. ಬಿದ್ದವನ ಮೇಲೆ ಒಬ್ಬ ಬಿದ್ದ, ಅವನ ಮೇಲೆ ಇನ್ನಿಬ್ಬರು. ಪಕ್ಕದಿಂದ ಓಡಿ ಬಂದ ಮಾತೂಶ್ ರಾಶಿಯ ಅಂಚಿನಲ್ಲಿ ಕಂಡ ಕುತ್ತಿಗೆಯ ಮೇಲೆ ಮೊಣಕಾಲೂರಿ ಬಿದ್ದ. ಬಂಡೆ ಸೀಳುವ ಮೊದಲು ಒಳಗಿನಿಂದ ಒಂದು ಸಣ್ಣ ಸದ್ದು ಬರುತ್ತದೆ, ಗಣಿಯವರ ಕಿವಿಗೆ ಅದು ತಪ್ಪುವುದಿಲ್ಲ. ಮಾತೂಶನಿಗೆ ಕೇಳಿಸಿತು. ಹುಡುಗನನ್ನು ಹಲಗೆಯ ಮೇಲೆ ಹೊತ್ತುಕೊಂಡು ಹೋದರು. ಆಟ ಮುಂದುವರಿಯಿತು, ನಾವು ಗೆದ್ದೆವು.

ಸಂಜೆ ಹೊರೇಸ್ ಶೆಡ್ಡಿಗೆ ಬಂದ. "ಇವತ್ತು ಎಲ್ಲಿಗೆ?" ಮಾತೂಶ್ ಗದ್ದದಿಂದಲೇ ಎಡಭುಜ ತೋರಿಸಿದ. ಎದುರಿಗೆ ನಿಂತಿದ್ದ ಹೊರೇಸ್ ಕನ್ನಡಿಯಲ್ಲಿ ನೋಡಿದವನಂತೆ ತನ್ನ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡು ಊಟಕ್ಕೆ ಹೋದ. ಹುರಿದ ಬಾತುಕೋಳಿ ಬಡಿಸುತ್ತಿದ್ದಾಗ ತಂತಿ ಬಂತು. ಲೆಸ್ಟರ್ ಡೋನ್ ಸತ್ತಿದ್ದ.

ವಿಲ್ಟನ್ ಎಂಬ ಹೆಸರಿಗೆ ಹೆಣ ಅಂಟಿಕೊಳ್ಳುವುದು ಹೊರೇಸನ ಅಪ್ಪ ದೊಡ್ಡ ವಿಲ್ಟನ್‌ಗೆ ಸರಿಬರಲಿಲ್ಲ. ಬಾತುಕೋಳಿ ಆರುವುದರೊಳಗೆ ಎಲ್ಲ ಏರ್ಪಾಡಾಯಿತು. ಹೊರೇಸನ ಭುಜ ಎಂಟನೆಯ ಆಟದಲ್ಲೇ ಮುರಿದಿತ್ತು, ಕೈ ಕಟ್ಟಿರುವುದು ಎಲ್ಲರಿಗೂ ಕಾಣುತ್ತಿದೆಯಲ್ಲ. ಇವತ್ತು ಆಡಿದವನು ಬದಲಿ, ಕ್ರಾಲಿಕ್ ಎಂಬ ಹೊಸ ವಿದ್ಯಾರ್ಥಿ. ಹಿಂದಿನ ತಾರೀಕು ಹಾಕಿ ಅವನನ್ನು ಕಾಲೇಜಿನ ಪಟ್ಟಿಗೂ ಸೇರಿಸಿದರು. ಮರುದಿನದ ಪತ್ರಿಕೆಯಲ್ಲಿ ಮಾತೂಶನ ಸ್ವಂತ ಹೆಸರು ಮೊದಲ ಸಲ ಅಚ್ಚಾಯಿತು. ಅವನಿಗೆ ಓದಲು ಬರುತ್ತಿರಲಿಲ್ಲ. ಬಾಡಿಗೆಮನೆಯ ಅಜ್ಜಿ ಓದಿ ಹೇಳಿ, "ಹೆಸರು ಮಾತ್ರ ಸರಿಯಾಗೇ ಹಾಕಿದಾರೆ ಕಣಪ್ಪಾ," ಎಂದಳು.

ಮಾತೂಶ್ ಸುಮ್ಮನಿರುತ್ತೇನೆಂದು ಮಾತು ಕೊಟ್ಟ, ಹುಲ್ಲು ಕತ್ತರಿಸುವ ಕೆಲಸ ಸಿಕ್ಕಿತು. ಮಗಳು ದೊಡ್ಡವಳಾಗಿ ಕೇಳಿದಾಗ, "ಒಂಬತ್ತನೇದು ನಂದೇ ಮಗಳೇ. ಮೊಣಕಾಲು ನಂದು. ಉಳಿದ ಎಂಟು ಯಾರಿಗಾದ್ರೂ ಹೋಗ್ಲಿ," ಎಂದ. ಲುದ್ಮಿಲಾಗೆ ಅವನ ಮೇಲೂ ಅಸಹ್ಯವಾಗಿತ್ತು. ಯಾವ ಮೈದಾನದಲ್ಲಿ ಅದು ನಡೆಯಿತೋ ಅದನ್ನೇ ನೀಟಾಗಿ ಕತ್ತರಿಸಿ, ಸುಣ್ಣ ಬಳಿದು, ಅವರಿಗೇ ಟೋಪಿ ತೆಗೆದು ನಮಸ್ಕಾರ ಹೊಡೆಯುತ್ತಾನಲ್ಲ ಎಂದು ಎಷ್ಟೋ ದಿನ ಅಪ್ಪನೊಡನೆ ಮಾತು ಬಿಟ್ಟಿದ್ದಳು. ಪ್ರತಿ ನವೆಂಬರಿನ ಕೊನೆಯ ಭಾನುವಾರ ಅವನು ಬೆಳಗಿನ ರೈಲು ಹತ್ತಿ ಎಲ್ಲಿಗೋ ಹೋಗಿ ಸಂಜೆ ಬರುತ್ತಿದ್ದ. ಕೇಳಿದರೆ "ಕೆಲಸ ಇತ್ತು" ಎನ್ನುತ್ತಿದ್ದ. ಕುಡಿಯುವುದಕ್ಕೆ ಹೋಗುತ್ತಾನೆಂದು ಅವಳು ತಿಳಿದಿದ್ದಳು.

*

"ಮಾತೂಶ್ ನಮ್ಮ ಜೊತೆ ಆಡಿದ್ದು ಒಂದೇ ಒಂದು ಆಟ," ಎಂದು ಜಡ್ಜ್ ಪೆಟ್ಟಿಗೆಯ ಪಕ್ಕ ನಿಂತು ಹೇಳಿದ. ಅವನ ಸ್ವರಕ್ಕೆ ಆ ಕಟ್ಟಡದಲ್ಲಿ ಒಳ್ಳೆಯ ಮೊಳಗು ಇತ್ತು. "ಅದು ಕೆಟ್ಟ ದಿನ. ಆ ದಿನ ನಡೆದದ್ದು ಅವನು ಬೇಕಂತ ಮಾಡಿದ್ದಲ್ಲ. ನಾವು ಅವನನ್ನ ಯಾವತ್ತೋ ಕ್ಷಮಿಸಿದ್ದೀವಿ. ದೂರ ತಳ್ಳಲಿಲ್ಲ, ನಮ್ಮಲ್ಲೇ ಇಟ್ಟುಕೊಂಡ್ವಿ."

ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಕಾಲೇಜಿನ ಅಧ್ಯಕ್ಷ ಮೆಚ್ಚಿಕೆಯಿಂದ ಕಣ್ಣು ಮುಚ್ಚಿದ. ಲುದ್ಮಿಲಾ ಕೂಗಿಬಿಡದಂತೆ ಬಾಯಿಗೆ ಕೈ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಪಕ್ಕದವಳು ಬೆನ್ನು ಸವರಿದಳು.

ಹೊರಗೆ ಮೆಟ್ಟಿಲ ಮೇಲೆ ಕಪ್ಪು ಕೋಟಿನ ಮುದುಕಿಯೊಬ್ಬಳು ಅವಳ ತೋಳು ಹಿಡಿದು ನಿಲ್ಲಿಸಿದಳು.

"ನೀನು ಮಾತೂಶನ ಮಗಳಲ್ವಾ? ನಾನು ಈಡಿತ್ ಡೋನ್. ಲೆಸ್ಟರ್ ನನ್ನ ಅಣ್ಣ."

ಲುದ್ಮಿಲಾ ತೋಳು ಬಿಡಿಸಿಕೊಳ್ಳಲು ಹೋಗಿ ನಿಂತಳು.

"ಪೇಪರಲ್ಲಿ ನೋಡಿ ಬೆಲ್‌ವುಡ್‌ನಿಂದ ಬಸ್ಸಲ್ಲಿ ಬಂದೆ. ಈ ತಿಂಗಳ ಕೊನೇ ಭಾನುವಾರ ಅವನಿಗೋಸ್ಕರ ಕಾಯೋದು ಬೇಡ ಅಂತ ಗೊತ್ತಾಯ್ತಲ್ಲ."

"ನಿಮ್ಮ ಮನೆಗೆ ಬರ್ತಿದ್ನಾ?"

"ಪ್ರತಿ ವರ್ಷ. ಮೊದಲ ಸಲ ಬಂದವನು ಅಂಗಳದಲ್ಲಿ ಟೋಪಿ ತೆಗೆದು ನಿಂತ್ಕೊಂಡ. 'ಮೊಣಕಾಲು ನಂದು' ಅಂದ. ಅಷ್ಟೇ ಇಂಗ್ಲಿಷ್ ಬರ್ತಿತ್ತು ಅವನಿಗೆ. ನಮ್ಮಮ್ಮ ಕೈ ಸೋಲೋವರೆಗೂ ಹೊಡೆದಳು. ನಿಂತು ಹೊಡೆಸ್ಕೊಂಡ. ಆಮೇಲೆ ಅಮ್ಮನೇ ಊಟಕ್ಕೆ ಕರೆದಳು. ಅಣ್ಣನ ಗೋರಿ ಕಲ್ಲು ಇವನೇ ಕೆತ್ತಿ ತಂದು ನೆಟ್ಟ. ವರ್ಷ ವರ್ಷ ಬಂದು ಪಾಚಿ ತಿಕ್ಕಿ ಹೋಗೋನು."

ಜಡ್ಜ್ ಎರಡು ಮೆಟ್ಟಿಲು ಮೇಲೆ ನಿಂತಿದ್ದ. ಮುದುಕಿ ಸ್ವರ ತಗ್ಗಿಸಲಿಲ್ಲ.

"ಕ್ಷಮಿಸೋ ಕೆಲಸ ನಮ್ಮದಾಗಿತ್ತು. ಅದನ್ನ ಯಾವಾಗಲೋ ಮಾಡಿ ಮುಗಿಸಿದ್ವಿ. ಅವನನ್ನ ಕ್ಷಮಿಸೋಕೆ ಇವರು ಯಾರು?"

ಜಡ್ಜ್ ಆಕಾಶ ನೋಡಿ, ಹಿಮ ಬೀಳಬಹುದು, ಬೇಗ ಹೊರಡೋಣ ಎಂದ.

ಸ್ಮಶಾನ ಮೈದಾನದ ಹಿಂದಿನ ದಿಬ್ಬದ ಮೇಲಿತ್ತು. ಕೆಳಗೆ ಬ್ಯಾಂಡಿನವರು ಡೋಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು. ಜನ ಆಗಲೇ ಮೈದಾನದ ಮೆಟ್ಟಿಲುಗಳ ಮೇಲೆ ಜಾಗ ಹಿಡಿಯಲು ಹೋಗುತ್ತಿದ್ದರು, ಅಧ್ಯಕ್ಷ ಮೂರು ಸಲ ಗಡಿಯಾರ ನೋಡಿಕೊಂಡ. ಲ್ಯಾಂಡಿಸನ ಆಳುಗಳು ಪೆಟ್ಟಿಗೆಯನ್ನು ಹಗ್ಗದಿಂದ ಗುಂಡಿಗೆ ಇಳಿಸಿದರು. ಪಾದ್ರಿ ಪ್ರಾರ್ಥನೆ ಮುಗಿಸಿ ಪಕ್ಕಕ್ಕೆ ಸರಿದ. ಇನ್ನು ಪದ್ಧತಿಯಂತೆ ಮೊದಲ ಮಣ್ಣು ತಂಡದವರದು. ಜಡ್ಜ್ ಓವರ್‌ಕೋಟು ಕಳಚಿ ಟಾಸ್ಕರನ ಕೈಗೆ ಕೊಟ್ಟು, ಕಡುಗೆಂಪು ಸ್ವೆಟರಿನಲ್ಲಿ ಮುಂದೆ ಬಂದ.

"ಒಂದು ನಿಮಿಷ ಸಾಹೇಬ್ರೆ," ಎಂದು ಲುದ್ಮಿಲಾ ಅವನೆದುರು ನಿಂತಳು. "ತೋಳು ಸರಿ ಮಾಡ್ತೀನಿ."

ಇನ್ನೊಬ್ಬರು ಉಡುಪು ಸರಿಮಾಡುವುದು ಜಡ್ಜ್‌ಗೆ ಅಭ್ಯಾಸವಾಗಿತ್ತು. ಯೋಚಿಸದೆ ಎರಡೂ ಕೈ ಮುಂದೆ ಚಾಚಿದ. ಲುದ್ಮಿಲಾ ಬಲತೋಳಿನ ಒಂದು ಮಡಿಕೆ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ಮೂರನೆಯದನ್ನೂ ಬಿಚ್ಚಿದಳು. ಆಮೇಲೆ ಎಡತೋಳು. ಹೊರಗಿನ ಉಣ್ಣೆ ಬಿಸಿಲಿಗೆ ಬಣ್ಣಗೆಟ್ಟಿತ್ತು. ಮಡಿಕೆಯೊಳಗಿನದು ಹತ್ತೊಂಬೈನೂರ ಐದರಲ್ಲಿ ಬಂದ ದಿನ ಇದ್ದ ಹಾಗೇ ಗಾಢವಾಗಿ ಉಳಿದಿತ್ತು.

"ಸಾಕಮ್ಮ, ಏನಿದು," ಎಂದು ಜಡ್ಜ್ ನಗಲು ನೋಡಿದ.

ಲುದ್ಮಿಲಾ ಕೋಟಿನ ಜೇಬಿನಿಂದ ಅಳತೆ ಪಟ್ಟಿ ತೆಗೆದಳು. ಅವನ ಕತ್ತಿನ ಹಿಂದಿನಿಂದ ತೋಳಿನ ತುದಿಯವರೆಗೆ ಇಳಿಬಿಟ್ಟು, ಅಂಗಡಿಯಲ್ಲಿ ಗಿರಾಕಿಯ ಅಳತೆ ಹೇಳುವಷ್ಟೇ ಸ್ವರದಲ್ಲಿ ಹೇಳಿದಳು:

"ಮೂವತ್ತೇಳು."

ಹಗ್ಗ ಸುತ್ತುತ್ತಿದ್ದ ಲ್ಯಾಂಡಿಸ್ ತಲೆ ಎತ್ತಿದ. ಬೆಳಿಗ್ಗೆ ಕೇಳಿದ ಅಂಕಿ ಅವನಿಗೆ ನೆನಪಿತ್ತು. ಅವನು ಗುಂಡಿಯೊಳಗೆ ನೋಡಿದ, ಆಮೇಲೆ ಸ್ವೆಟರನ್ನು ನೋಡಿದ. ಪಕ್ಕದವನು ಅವನನ್ನು ನೋಡಿ ಅತ್ತ ನೋಡಿದ. ಹೊರಟಿದ್ದವರು ನಿಂತರು. ಟಾಸ್ಕರ್ ಓವರ್‌ಕೋಟನ್ನು ನೆಲದ ಮೇಲೆ ಇಟ್ಟು, ತನ್ನ ಸ್ವೆಟರಿನ ಮೇಲೆ ಕೈ ಕಟ್ಟಿಕೊಂಡು ಹಿಂದೆ ಸರಿದ. ಈಡಿತ್ ಡೋನ್ ಮಾತ್ರ ಮುಂದೆ ಬಂದು ಲುದ್ಮಿಲಾಳ ಪಕ್ಕದಲ್ಲಿ ನಿಂತಳು.

ಎಲ್ಲರೂ ನೋಡುತ್ತಿರುವಾಗ ತೋಳನ್ನು ಮತ್ತೆ ಮಡಿಸಿಕೊಳ್ಳುವಂತಿರಲಿಲ್ಲ. ಕೆಳಗೆ ಮೈದಾನದಲ್ಲಿ ಬ್ಯಾಂಡು ಶುರುವಾಯಿತು. ಜಡ್ಜ್ ಮಣ್ಣಿನ ಗುಡ್ಡೆಯ ಹತ್ತಿರ ಬಗ್ಗಿದ. ಬೊಗಸೆ ತುಂಬಿಕೊಳ್ಳಲು ಬಲಗೈ ಚಾಚಿದ, ಆಮೇಲೆ ಎಡಗೈಯನ್ನೂ ಚಾಚಿದ. ಖಾಲಿ ತೋಳುಗಳ ಗಾಢ ಕೆಂಪು ತುದಿ ಹಸಿ ಮಣ್ಣಿನ ಮೇಲೆ ಅತ್ತಿತ್ತ ತಡಕಾಡಿತು. ಕೈ ಹೊರಗೆ ಬರಲೇ ಇಲ್ಲ.